ಹುಳ ಕೊಲ್ಲೋ ಮೇಡಮ್ಮು

ಕೊಳ್ಳೇಗಾಲಕ್ಕೆ ನಾನು ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ, ಹುಳ ಕೊಲ್ಲುವ ಕೆಲಸಕ್ಕೆ. ನೇಮಕದ ಆದೇಶದಲ್ಲಿ ಅದಕ್ಕೆ ಎರಡು ಸಾಲಿನುದ್ದದ ಗೌರವದ ಹೆಸರಿತ್ತು. ಬಿಡಿಸಿ ಹೇಳಿದರೆ ವಿಷಯ ಇಷ್ಟೇ. ಹಿಪ್ಪುನೇರಳೆ ಗಿಡಕ್ಕೆ ಕೀಟ ಬೀಳುತ್ತದೆ, ರೈತ ಔಷಧಿ ಹೊಡೆಯುತ್ತಾನೆ. ಆದರೆ ಆ ಸೊಪ್ಪು ತಿಂದು ಗೂಡು ಕಟ್ಟಬೇಕಾದ ರೇಷ್ಮೆ ಹುಳುವೂ ಒಂದು ಕೀಟವೇ. ಔಷಧಿ ಹೊಡೆದ ಎಷ್ಟು ದಿನದ ಮೇಲೆ ಸೊಪ್ಪು ಕೊಯ್ದರೆ ಹುಳು ಸಾಯುವುದಿಲ್ಲ ಎಂದು ಯಾರಾದರೂ ಕಂಡುಹಿಡಿಯಬೇಕು. ಅದಕ್ಕೆ ಸುತ್ತುಬಳಸಿನ ದಾರಿಯಿಲ್ಲ. ಔಷಧಿ ಬಿದ್ದ ಸೊಪ್ಪನ್ನು ಆರೋಗ್ಯವಾಗಿರುವ ಹುಳುಗಳಿಗೆ ಹಾಕಿ, ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನೋಡುತ್ತಿರಬೇಕು. ಸತ್ತರೆ ಇನ್ನೂ ಸ್ವಲ್ಪ ದಿನ ಬಿಟ್ಟು ಅದೇ ಗಿಡದ ಸೊಪ್ಪನ್ನು ಬೇರೆ ಹುಳುಗಳಿಗೆ ಹಾಕಬೇಕು. ಸಾಯುವುದು ನಿಲ್ಲುವ ತನಕ ಇದೇ ಕೆಲಸ.

ವಿಷ ತಿಂದ ಹುಳು ಹೇಗೆ ಸಾಯುತ್ತದೆ ಎನ್ನುವುದನ್ನು ನನ್ನಷ್ಟು ನೋಡಿದವರು ಆ ಸೀಮೆಯಲ್ಲಿ ಇರಲಿಲ್ಲ. ಮೊದಲು ತಿನ್ನುವುದನ್ನು ಬಿಡುತ್ತದೆ. ಆಮೇಲೆ ತಲೆಯೆತ್ತಿ ಅತ್ತಿತ್ತ ಆಡಿಸುತ್ತದೆ, ಮಗು ಊಟ ಬೇಡ ಅನ್ನುವ ಹಾಗೆ. ಬಾಯಿಂದ ಹಸಿರು ನೀರು ಕಾರುತ್ತದೆ, ಮೈ ಕುಗ್ಗಿ ಮೋಟಾಗುತ್ತದೆ. ರೋಗ ಬಂದ ಹುಳುವಿನ ಸಾವೇ ಬೇರೆ. ಅದು ಊದಿಕೊಂಡೋ ಬಾಡಿಕೊಂಡೋ ನಿಧಾನಕ್ಕೆ ಸಾಯುತ್ತದೆ. ಎರಡನ್ನೂ ದೂರದಿಂದ ನೋಡಿಯೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಅದನ್ನು ಹೇಳಿಕೊಳ್ಳಲು ಜನ ಮಾತ್ರ ಇರಲಿಲ್ಲ.

ಹುಳ ಸಾಕಿ ಅನ್ನ ತಿನ್ನುವ ಊರಿಗೆ ಹುಳ ಕೊಲ್ಲುವವಳು ಬಂದರೆ ಯಾರು ತಾನೇ ಆರತಿ ಎತ್ತುತ್ತಾರೆ? ನಾನು ಬಂದ ಕೆಲವೇ ದಿನಕ್ಕೆ ಬೀದಿಯಲ್ಲಿ ನನಗೆ ಹೆಸರು ಬಿದ್ದಿತ್ತು, ಹುಳ ಕೊಲ್ಲೋ ಮೇಡಮ್ಮು ಅಂತ. ಹನೂರು, ರಾಮಾಪುರ, ಕೌದಳ್ಳಿ ಕಡೆ ಸೊಪ್ಪಿನ ಮಾದರಿ ತರಲು ಹೋದರೆ ತೋಟದ ಬದುವಿನ ಮೇಲೇ ನಿಲ್ಲಿಸುತ್ತಿದ್ದರು. ಬೇಕಾದ ಸೊಪ್ಪನ್ನು ಅವರೇ ಕೊಯ್ದು ತಂದು ಕೊಡುತ್ತಿದ್ದರು. ವಾಪಸು ಬಸ್ಸಿನಲ್ಲಿ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೊಪ್ಪಿನ ಗಂಟು ನನ್ನ ತೊಡೆಯ ಮೇಲೆ ಕಂಡರೆ, ನಿಂತೇ ಬಂದರೂ ಪರವಾಗಿಲ್ಲ ಎಂದು ನನ್ನ ಪಕ್ಕದಿಂದ ಎದ್ದು ಹೋಗುವ ಹೆಂಗಸರಿದ್ದರು. ಅವರದು ಮೂಢನಂಬಿಕೆ ಅಂತ ಬೈದುಕೊಳ್ಳೋಣ ಅಂದರೆ ಅದೂ ಸಾಧ್ಯವಿಲ್ಲ. ಅವರು ಮಾಡುತ್ತಿದ್ದದ್ದು ಸರಿಯಾಗಿಯೇ ಇತ್ತು. ನನ್ನ ಸೀರೆಯ ಸೆರಗಿಗೆ ಅಂಟಿದ ವಿಷ ಅವರ ಕೈಗೆ, ಅವರ ಕೈಯಿಂದ ಹುಳ ಸಾಕುವ ತಟ್ಟೆಗೆ ಹೋಗಬಹುದು ಎಂದು ನಾನೇ ತರಬೇತಿಯಲ್ಲಿ ಹೇಳಿಕೊಡುತ್ತಿದ್ದೆ.

ನನಗೆ ಬಾಡಿಗೆಗೆ ಸಿಕ್ಕಿದ್ದು ಒಂದು ಹುಳ ಸಾಕುವ ಮನೆಯ ಹಿತ್ತಲ ಕೋಣೆ. ಬೇರೆ ಯಾರೂ ಕೊಡಲಿಲ್ಲ, ಅವರು ಕೊಟ್ಟರು. ಮನೆಯಲ್ಲಿ ಗಂಡ, ಹೆಂಡತಿ, ಗಂಡನ ತಾಯಿ, ಇಷ್ಟೇ ಜನ. ಹೆಂಡತಿಗೆ ನನಗಿಂತ ಐದಾರು ವರ್ಷ ಹೆಚ್ಚು. ನಾನು ಅಕ್ಕ ಅನ್ನುತ್ತಿದ್ದೆ. ಅವಳು ಮೊದಲ ವಾರ ಮೇಡಮ್ಮು ಅಂದಳು, ಆಮೇಲೆ ಅವ್ವ ಅನ್ನತೊಡಗಿದಳು.

ಆ ಮನೆಯ ಕಟ್ಟುನಿಟ್ಟು ಹೀಗಿತ್ತು. ಮೊಟ್ಟೆ ಒಡೆದು ಮರಿ ಬಂದ ದಿನದಿಂದ ಗೂಡು ಬಿಡಿಸುವ ತನಕ ನಾನು ಮುಂಬಾಗಿಲ ಕಡೆಗೂ ಹೋಗಬಾರದು. ಸಂದಿಯಿಂದ ಬಂದು, ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು ನೇರ ಕೋಣೆ ಸೇರಬೇಕು. ಹುಳ ಸಾಕುವ ನಡುಮನೆಯ ಹೊಸಿಲಿಗೆ ಅಕ್ಕ ಸುಣ್ಣ ಎಳೆದಿರುತ್ತಿದ್ದಳು. ನನ್ನ ಅವಳ ಮಾತುಕತೆಯೆಲ್ಲ ಅಡುಗೆಮನೆಯ ಸಣ್ಣ ಕಿಟಕಿಯಲ್ಲಿ, ಅವಳು ಒಳಗೆ, ನಾನು ಹೊರಗೆ. ಬೆಳೆ ಮುಗಿದು ಮುಂದಿನ ಮೊಟ್ಟೆ ಬರುವ ತನಕ ಒಂದೆರಡು ವಾರ ಬಿಡುವಿರುತ್ತಿತ್ತು. ಆಗ ಮಾತ್ರ ನಾನು ಆ ಮನೆಯ ಮನುಷ್ಯಳು. ನಡುಮನೆಯಲ್ಲಿ ಕೂತು ಊಟ ಮಾಡುತ್ತಿದ್ದೆ, ಅಕ್ಕ ನನ್ನ ತಲೆ ಬಾಚಿ ಹೂ ಮುಡಿಸುತ್ತಿದ್ದಳು. ಅವಳ ಅತ್ತೆ ಗೋಡೆಗೆ ಒರಗಿ, ನನಗೆ ಯಾಕೆ ಮದುವೆ ಆಗಿಲ್ಲ ಎಂದು ಹೊಸದಾಗಿ ಕೇಳಿದವರ ಹಾಗೆ ಪ್ರತಿ ಸಲವೂ ಕೇಳುತ್ತಿದ್ದರು. ಮೊಟ್ಟೆ ಬಂತು ಅಂದರೆ ಮತ್ತೆ ನಾನು ಕಿಟಕಿಯ ಆಚೆ.

ವರ್ಷಗಟ್ಟಲೆ ಹೀಗೇ ನಡೆಯಿತು. ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ಹುಳ ಹಣ್ಣಾಗುವ ದಿನ. ತಿಂದು ತಿಂದು ಬೆಳೆದ ಹುಳು ಒಂದು ಬೆಳಿಗ್ಗೆ ತಿನ್ನುವುದನ್ನು ನಿಲ್ಲಿಸಿ ಮೈಯೆಲ್ಲ ಹೊಂಬಣ್ಣಕ್ಕೆ ತಿರುಗುತ್ತದೆ. ಅದನ್ನೇ ಹಣ್ಣು ಅನ್ನುವುದು. ಅವತ್ತು ಹಣ್ಣು ಹುಳುಗಳನ್ನೆಲ್ಲ ಆರಿಸಿ ಚಂದ್ರಿಕೆಗೆ ಬಿಡಬೇಕು, ಸುರುಳಿ ಸುತ್ತಿದ ಆ ಬಿದಿರಿನ ಚಾಪೆಯ ಮೇಲೆಯೇ ಅವು ಗೂಡು ಕಟ್ಟುವುದು. ತಡ ಮಾಡುವ ಹಾಗಿಲ್ಲ. ಆದ್ದರಿಂದ ಬೀದಿಯ ಹೆಂಗಸರನ್ನೆಲ್ಲ ಕರೆಯುತ್ತಾರೆ. ಕೈ ಆರಿಸುತ್ತಿರುತ್ತದೆ, ಬಾಯಿ ಊರ ಸುದ್ದಿಯನ್ನೆಲ್ಲ ಜಾಲಾಡುತ್ತಿರುತ್ತದೆ. ಒಲೆಯ ಮೇಲೆ ಅವರೆಕಾಳಿನ ಸಾರು ಕುದಿಯುತ್ತಿರುತ್ತದೆ. ಅವರ ನಗು ನನ್ನ ಕೋಣೆಯ ಗೋಡೆಯಾಚೆ ಕೇಳುತ್ತಿತ್ತು. ಆಮೇಲೆ ಅಕ್ಕ ಕಿಟಕಿಯಲ್ಲಿ ಸಾರು ಮುದ್ದೆ ಕೊಡುತ್ತಿದ್ದಳು. ನಾನು ಒಬ್ಬಳೇ ಕೂತು ತಿನ್ನುತ್ತಿದ್ದೆ. ನನಗೆ ಅಳು ಬರುತ್ತಿತ್ತು ಎಂದು ಹೇಳಲು ಈಗ ನಾಚಿಕೆಯಿಲ್ಲ. ಒಂದು ಸಲ, ಒಂದೇ ಒಂದು ಸಲ, ಹುಳ ಹಣ್ಣಾದ ದಿನ ಆ ಮನೆಯೊಳಗೆ ಇರಬೇಕು ಎನ್ನುವುದು ನನಗೆ ಹುಚ್ಚಿನ ಹಾಗೆ ಹಿಡಿದಿತ್ತು.

ಆ ಸಂದರ್ಭ ತಾನಾಗಿ ಬಂತು. ಪ್ರತಿ ಬೆಳೆಗೂ ಸಹಾಯಕ್ಕೆ ಬರುತ್ತಿದ್ದ ಅಕ್ಕನ ನಾದಿನಿಗೆ ಹೆರಿಗೆಯಾಗಿ, ಆ ಸಲ ಕೈಗೆ ಜನ ಸಾಲದಾಯಿತು. ನಾನು ಕಿಟಕಿಯಲ್ಲಿ ನಿಂತು ಅಂದೆ, "ಅಕ್ಕ, ಕಚೇರಿಗೆ ರಜೆ ಹಾಕುತ್ತೇನೆ. ಹುಳ ಕೊಲ್ಲುವ ಆ ಕೋಣೆಯ ಮೆಟ್ಟಿಲನ್ನೂ ತುಳಿಯುವುದಿಲ್ಲ. ಹೊಸ ಸೀರೆ ಉಡುತ್ತೇನೆ, ಹೊಸ ಚಪ್ಪಲಿ ಹಾಕುತ್ತೇನೆ. ಬರಲಾ?"

ಅಕ್ಕ ನನ್ನ ಮುಖ ನೋಡಿದಳು. "ಊರ್ಗೋಗಿ ನಿಮ್ಮವ್ವನ ಜೊತ ಇರೋ ರಜಾವ ಇಲ್ಲಿ ಉಳ ಮೇಯ್ಸಕ್ಕ ಆಕ್ತೀಯಾ? ನಿನ್ಗೇನ್ ತಲೆ ಕೆಟ್ಟದಾ?"

"ಕೆಟ್ಟಿದೆ," ಅಂದೆ.

ಅತ್ತೆ ಒಪ್ಪಲಿಲ್ಲ. ಗಂಡ ಒಪ್ಪಿದರು. "ಕೈ ಸಾಲ್ದು, ಬರ್ಲಿ ಬುಡವ್ವ. ಅವ್ರು ಓದ್ದೋರು, ಅವ್ರ್ಗ ತಿಳೀದಾ?" ಅಂದರು. ನಾನು ಸೀಗೆಕಾಯಿ ಹಾಕಿ ತಲೆ ತೊಳೆದೆ. ಉಗುರು ಬುಡದ ತನಕ ಕತ್ತರಿಸಿದೆ. ಹಳೆಯ ಬಟ್ಟೆಗಳನ್ನೆಲ್ಲ ಟ್ರಂಕಿಗೆ ತುಂಬಿ ಕಚೇರಿಯ ಜವಾನನ ಮನೆಯಲ್ಲಿ ಇಟ್ಟು ಬಂದೆ. ಸುಮಾರು ದಿನ ಹಾಗೇ ಮಡಿಯಲ್ಲಿದ್ದು, ಹುಳು ಮೂರನೇ ಜ್ವರದಿಂದ ಎದ್ದ ಬೆಳಿಗ್ಗೆ ಒಳಗೆ ಹೋದೆ. ಹುಳು ಪೊರೆ ಬಿಡಲು ತಿನ್ನದೆ ಕೂರುವುದಕ್ಕೆ ಜ್ವರ ಅನ್ನುತ್ತಾರೆ, ಅಂಥ ನಾಲ್ಕು ಜ್ವರ ದಾಟಬೇಕು. ಸುಣ್ಣದ ಗೆರೆ ಸೋಕದ ಹಾಗೆ ಸೀರೆ ಎತ್ತಿ ಹಿಡಿದು ದಾಟಿದೆ.

ಒಳಗೆ ಹೋದ ಮೇಲೆ ತಿಳಿಯಿತು, ಅಷ್ಟು ವರ್ಷ ಹುಳುಗಳ ಜೊತೆ ಇದ್ದೂ ನಾನು ಹುಳು ಬದುಕುವುದನ್ನು ನೋಡಿರಲಿಲ್ಲ. ಹಸಿದ ಹುಳುಗಳಿಗೆ ಸೊಪ್ಪು ಹಾಕಿದರೆ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಸದ್ದು ಬರುತ್ತದೆ. ನನ್ನ ಕಚೇರಿಯ ಕೋಣೆ ಯಾವಾಗಲೂ ನಿಶ್ಶಬ್ದ. ನಾನು ಸೊಪ್ಪು ಹೆಚ್ಚಿದೆ, ಕಸ ತೆಗೆದೆ, ತಟ್ಟೆ ಬದಲಿಸಿದೆ. ಅಕ್ಕ ನನ್ನ ಕೈಕೆಲಸ ನೋಡಿ ನಕ್ಕಳು. "ಕೊಲ್ಲದ್ರಲ್ಲಿ ಚುರುಕಾಗಿದ್ದೀಯಂತ, ಸಾಕದ್ರಲ್ಲಿ ಇಷ್ಟ್ ನಿದಾನ್ವ?" ಎಂದು ಛೇಡಿಸಿದಳು. ನಾನು ಸುಖವಾಗಿದ್ದೆ. ಇದಕ್ಕಿಂತ ಬೇರೆ ಮಾತು ಹೊಳೆಯುವುದಿಲ್ಲ.

ಅಕ್ಕ ತನ್ನ ಹಳೆಯ ಸಂಕಟ ಹೇಳಿದ್ದೂ ಆಗಲೇ, ತಟ್ಟೆಗಳ ನಡುವೆ. ಮದುವೆಯಾದ ಹೊಸದರಲ್ಲಿ ಒಂದು ಬೆಳೆ ಪೂರಾ ಹೋಗಿತ್ತಂತೆ. ಸೊಸೆಯ ಕೈಗುಣ ಅಂದರಂತೆ. ಹನೂರಿನ ತವರಿಗೆ ಕಳಿಸಿದವರು, ಊರವರು ಬಂದು ಬುದ್ಧಿ ಹೇಳುವ ತನಕ ಕರೆಸಿಕೊಳ್ಳಲೇ ಇಲ್ಲವಂತೆ. ಅದನ್ನು ಹೇಳುವಾಗ ಅವಳು ಅತ್ತೆ ಎಲ್ಲಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿದಳು.

ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳಿಗೆ ತಿಂದಷ್ಟೂ ಸಾಲದು. ಇರುಳೂ ಸೊಪ್ಪು ಹಾಕಬೇಕು. "ನಾಳಿಂದ ನೀನು ಇಲ್ಲೇ ನಮ್ಮ ಜೊತೆಲೇ ಮನಿಕ," ಅಂದಳು ಅಕ್ಕ. ಇನ್ನು ನಾಲ್ಕಾರು ದಿನ ಕಳೆದರೆ ಹಣ್ಣು. ನಾನು ಆ ಸಂಜೆ ನನ್ನ ಕೋಣೆಗೆ ಹೋಗಿ ಉಡುವ ಸೀರೆಗಳನ್ನು ಮಡಿಸಿಟ್ಟುಕೊಂಡೆ.

ಬೆಳಿಗ್ಗೆ ಅತ್ತೆಯ ಕೂಗು ಕೇಳಿ ಎದ್ದು ಓಡಿದೆ. ನಡುಮನೆಯಲ್ಲಿ ಗಂಡ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ತಟ್ಟೆಗಳ ತುಂಬ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಸೊಪ್ಪಿನ ಮೇಲೆಲ್ಲ ಹಸಿರು ನೀರು. ನಾನು ಬಗ್ಗಿ ನೋಡುವ ಅಗತ್ಯವೇ ಇರಲಿಲ್ಲ. ರೋಗವಲ್ಲ, ವಿಷ.

ಸೊಪ್ಪಿನಿಂದ ಬಂದಿದ್ದರೆ ಎಲ್ಲ ತಟ್ಟೆಗಳೂ ಒಂದೇ ಥರ ಸಾಯಬೇಕಿತ್ತು. ಸಾವು ಹಾಗಿರಲಿಲ್ಲ. ಬಾಗಿಲ ಕಡೆಯ ತಟ್ಟೆಗಳಲ್ಲಿ ಇನ್ನೂ ಕೆಲವು ಹುಳುಗಳು ಮೇಯುತ್ತಿದ್ದವು. ಒಳಮೂಲೆಗೆ ಹೋದ ಹಾಗೆ ಸಾವು ಹೆಚ್ಚಾಗುತ್ತಿತ್ತು. ತಟ್ಟೆ ಜೋಡಿಸಿದ ಮೂಲೆಯ ಅಟ್ಟಣಿಗೆಯಲ್ಲಿ ಒಂದೂ ಅಲುಗಾಡುತ್ತಿರಲಿಲ್ಲ. ಅದರ ಪಕ್ಕಕ್ಕೆ ಹಿಂದಿನ ದಿನ ಇಲ್ಲದಿದ್ದ ಒಂದು ಹಗ್ಗದ ಮಂಚ ಬಂದಿತ್ತು. ಮೇಲೆ ಒಗೆದ ದುಪ್ಪಟಿ ಹಾಸಿ, ದಿಂಬು ಇಟ್ಟು, ಕಾಲ ಬಳಿ ಒಂದು ಕಂಬಳಿ ಮಡಿಸಿಟ್ಟಿತ್ತು. ನಾನು ಹತ್ತಿರ ಹೋದೆ. ತಿಗಣೆಗೆ ಹಾಕುವ ಔಷಧಿಯ ವಾಸನೆ ಸಣ್ಣಗೆ ಬಂತು. ಸೀಮೆಎಣ್ಣೆ, ಸುಣ್ಣ, ಮನೆ ತೊಳೆಯುವ ಔಷಧಿ ಎಲ್ಲ ಬೆರೆತ ಆ ಮನೆಯಲ್ಲಿ ಬೇರೆಯವರ ಮೂಗಿಗೆ ಅದು ಸಿಗುವಂತಿರಲಿಲ್ಲ. ನನ್ನ ಮೂಗು ಅದರಲ್ಲೇ ಪಳಗಿದ್ದು. ಮಂಚದ ಸಂದುಗಳಲ್ಲಿ ಮರ ಇನ್ನೂ ಕಪ್ಪಗೆ ನೆನೆದಿತ್ತು. ಬಿಸಿಲಿಗೆ ಹಾಕಿ ಒಣಗಿತು ಅಂದುಕೊಂಡು ಸಂಜೆ ಒಳಗೆ ತಂದು ಬಾಗಿಲು ಹಾಕಿದ್ದಾರೆ. ಮಲೇರಿಯಾದವರು ಡಿಡಿಟಿ ಹೊಡೆಯಲು ಬಂದರೆ ಬಾಗಿಲಲ್ಲಿ ಅಡ್ಡ ನಿಂತು ಜಗಳವಾಡಿ ಕಳಿಸುತ್ತಿದ್ದ ಹೆಂಗಸು ಅಕ್ಕ. ಮಂಚ ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ಮಂಚ ಅಂದರೆ ಮಲಗುವುದು, ಅಷ್ಟೇ.

ನಾನು ತಿರುಗಿದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ಒಂದು ಸಲ ಮಂಚಕ್ಕೆ ಹೋಗಿ ಬಂತು. ಅವಳಿಗೂ ಆಗಲೇ ತಿಳಿದಿತ್ತು.

"ನಾನ್ ಬಡ್ಕಂಡೆ," ಅತ್ತೆ ಎದೆ ಹೊಡೆದುಕೊಳ್ಳುತ್ತಿದ್ದರು. "ಉಳ ಕೊಲ್ಲೋ ಕೈಯ ಮನೆ ಒಳಕ್ ಬುಟ್ಕಬೇಡಿ ಅಂತ ಬಡ್ಕಂಡೆ. ಲಕ್ಸ್ಮಿ ಓದ್ಲು, ಒಂಟೇ ಓದ್ಲು."

ಅಷ್ಟರಲ್ಲಿ ಅಕ್ಕಪಕ್ಕದವರು ಬಾಗಿಲಲ್ಲಿ ಸೇರಿದ್ದರು. ಗಂಡ ನನ್ನ ಕಡೆ ತಿರುಗಿದರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೀವೇ ಏಳಿ ಮೇಡಮ್ಮು," ಅಂದರು. "ನಿಮ್ ಕೆಲಸ್ವೇ ಇದಲ್ವಾ? ಯಾತ್ರಿಂದ ಸತ್ತೊ?"

ಆ ಬೀದಿಯಲ್ಲಿ ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ನನ್ನ ವಿದ್ಯೆಯ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತ ನಿಂತರು. ನನಗೆ ಸಿಟ್ಟು ಬಂದಿತ್ತು, ಮೈ ಉರಿಯುವಷ್ಟು ಸಿಟ್ಟು. ಅಕ್ಕ ಬಾಯಿ ಬಿಡಲಿ ಎಂದು ಕಾದೆ. ಅವಳ ತುಟಿ ಅಲುಗಿದ ಹಾಗೆ ಕಂಡಿತು. ನಾನು ಇನ್ನೊಮ್ಮೆ ಆ ದುಪ್ಪಟಿ ನೋಡಿದೆ.

"ನನ್ನಿಂದಲೇ ಇರಬೇಕು," ಅಂದೆ. "ಕೂದಲಲ್ಲೋ ಚರ್ಮದಲ್ಲೋ ಔಷಧಿ ಉಳಿದಿರಬೇಕು. ಕೆಲವು ಸಲ ಹಾಗಾಗುತ್ತದೆ."

ಕೂದಲಿನಿಂದ ಅಷ್ಟು ಹುಳು ಸಾಯುವುದಿಲ್ಲ. ನನ್ನ ನೌಕರಿಯಲ್ಲಿ ನಾನು ಕೊಟ್ಟ ಸುಳ್ಳು ಫಲಿತಾಂಶ ಅದೊಂದೇ, ಅದನ್ನೇ ಎಲ್ಲರೂ ಮರುಪ್ರಶ್ನೆಯಿಲ್ಲದೆ ನಂಬಿದರು. ಅಕ್ಕ ತಲೆ ಬಗ್ಗಿಸಿದಳು. ನಾನು ಸುಣ್ಣದ ಗೆರೆ ದಾಟಿ ಹೊರಗೆ ಬಂದೆ. ಆ ವಾರವೇ ಕೋಣೆ ಖಾಲಿ ಮಾಡಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯ ಮಹಡಿ ಹಿಡಿದೆ. ಸಾಮಾನು ಸಾಗಿಸುವಾಗ ಅಕ್ಕ ಹೊರಗೆ ಬರಲಿಲ್ಲ.

ಬರುತ್ತಾಳೆ ಎಂದು ನಾನು ಬಹಳ ದಿನ ಕಾದೆ. ಸಂತೆಯಲ್ಲಿ, ಗೂಡಿನ ಮಾರುಕಟ್ಟೆಯ ಮುಂದೆ ಒಂದೆರಡು ಸಲ ಕಂಡಳು. ನನ್ನನ್ನು ನೋಡಿದ ಕೂಡಲೇ ಬೇರೆ ಸಾಲಿಗೆ ತಿರುಗಿಕೊಂಡಳು. ಕೃತಘ್ನಳು ಎಂದು ಬೈದುಕೊಂಡೆ. ಆಮೇಲೆ ನನ್ನನ್ನು ಯಳಂದೂರಿನ ತಳಿ ತಾಕಿಗೆ ಹಾಕಿದರು. ಎಲೆ ಮುರುಟಿಸುವ ಹಿಟ್ಟು ತಿಗಣೆಗೆ ಹಿಪ್ಪುನೇರಳೆಯ ಯಾವ ತಳಿ ತಾನಾಗಿಯೇ ತಡೆದು ನಿಲ್ಲುತ್ತದೆ ಎಂದು ನೋಡುವ ಕೆಲಸ. ಅಲ್ಲಿ ಔಷಧಿಯನ್ನೇ ಹೊಡೆಯುವ ಹಾಗಿಲ್ಲ. ಕೀಟ ಬೀಳಲಿ ಎಂದು ಬಿಟ್ಟು, ಬಿದ್ದ ಮೇಲೆ ಯಾವುದು ಚಿಗುರುತ್ತದೆ ಎಂದು ನೋಡಬೇಕು. ಗಿಡಗಳ ನಡುವೆ ನಾನೊಬ್ಬಳೇ ನಡೆಯುತ್ತಿದ್ದೆ. ಕೊಲ್ಲುವ ಕೆಲಸ ತಪ್ಪಿತ್ತು, ಒಂಟಿತನ ತಪ್ಪಲಿಲ್ಲ. ಆದರೂ ನನಗೊಂದು ಸಮಾಧಾನವಿತ್ತು. ನಾನು ಒಬ್ಬಳ ಸಂಸಾರ ಉಳಿಸಿದೆ ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡು ಆ ವರ್ಷಗಳನ್ನು ತಳ್ಳಿದೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿರಬೇಕು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಯಳಂದೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಯಾರೋ ಬಂದು ಕೂತರು. ತಿರುಗಿದರೆ ಅಕ್ಕ. ಕೂದಲು ಅರ್ಧ ಬೆಳ್ಳಗಾಗಿತ್ತು. ಅಣ್ಣನ ಮಗಳ ಮದುವೆಗೆ ಹನೂರಿಗೆ ಹೊರಟಿದ್ದಳು. ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು, ಹುಳ ಸಾಕುವುದನ್ನೂ ಬಿಟ್ಟುಬಿಟ್ಟೆವು ಅಂದಳು. ನಾನು ಹೂಂ ಅಂದೆ.

"ಮಂಚಕ್ಕ ಔಸ್ದಿ ಆಕ್ದೋಳು ನಾನೇ ಅಂತ ನಿನ್ಗ ಗೊತ್ತಿತ್ತಲ್ವಾ?" ಅಂದಳು.

"ಗೊತ್ತಿತ್ತು."

"ಮತ್ಯಾಕ ಏಳ್ನಿಲ್ಲ?"

ಆ ಪ್ರಶ್ನೆಗೆ ಉತ್ತರವನ್ನು ವರ್ಷಗಟ್ಟಲೆ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. "ಹೇಳಿದ್ದರೆ ನಿನ್ನನ್ನು ಮತ್ತೆ ತವರಿಗೆ ಕಳಿಸುತ್ತಿದ್ದರಲ್ಲ ಅಕ್ಕ," ಅಂದೆ. ಅವಳು ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದು ನಿಜವಾಗಿ ಅಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು.

"ಕಳಿಸಿದ್ರ ಓಯ್ತಿದ್ದೆ! ಬೈಸ್ಕಂಡು ಎಲ್ಡ್ ತಿಂಗ್ಳು ಅಲ್ಲಿದ್ದು ಬತ್ತಿದ್ದೆ. ಮಾತು ಬಾಯ್ಗ ಬಂದಿತ್ತು ಕಣವ್ವ. ಅಷ್ಟ್ರಲ್ಲಿ ನೀನು ನನ್ನಿಂದ್ಲೇ ಅಂದ್ಬುಟ್ಟೆ. ಅದೇ ಕೆಲ್ಸದೋಳು, ಓದ್ದೋಳು, ನೀನೇ ಅಂಗಂದ್ಮೇಲ ನಾನೇನೇಳ್ಲಿ? ಸುಳ್ಳೇಳ್ಬುಟ್ಟು ನೀನು ಒಂಟೋದೆ. ನಿಜಾವ ಇಟ್ಕಂಡು ಆ ಮನೇಲಿ ಇರ್ಬೇಕಾದೋಳು ನಾನಾದೆ. ಬೀದಿಯೋರೆಲ್ಲ ನಿನ್ನ ಬೈಯೋರು, ನಾನು ಕೂತು ಕೇಳಿಸ್ಕಳೋಳು. ನಿನ್ನ ಮುಕ ನೋಡಕ್ಕಾಯ್ತಿರ್ನಿಲ್ಲ. ಯಾರ್ ಜೊತ ಏಳ್ಕಂಡ್ ಅಳ್ಲಿ? ಏಳ್ಕಳಂಗಿದ್ದೋಳು ನೀನೊಬ್ಳು."

ಇಷ್ಟು ವರ್ಷ ನಾನೊಬ್ಬಳೇ ಗೋಡೆಯ ಆಚೆ ಕೂತಿದ್ದೇನೆ ಅಂದುಕೊಂಡಿದ್ದೆ.

ರಾಮಾಪುರದ ಬಸ್ಸು ಬಂತು. ಹನೂರಿನವರೆಲ್ಲ ಅದಕ್ಕೇ ನುಗ್ಗಿದರು. ಅಕ್ಕ ಚೀಲ ತೆಗೆದುಕೊಂಡು ಎದ್ದಳು, ಬರ್ತೀನಿ ಅನ್ನಲಿಲ್ಲ, ಹತ್ತಿ ಕಿಟಕಿಯ ಬಳಿ ಕೂತಳು. ನಾನು ಬೆಂಚಿನ ಮೇಲೇ ಇದ್ದೆ. ಕಂಡಕ್ಟರ್ ಸೀಟಿ ಊದಿದಾಗ ಎದ್ದು ಓಡಿದೆ. ಕಿಟಕಿಯ ಸರಳು ಹಿಡಿದುಕೊಂಡೆ.

"ಅಕ್ಕ, ನಾನು ಈಗ ಹೇಳಿದ್ದು ಸುಳ್ಳು. ನಿನ್ನ ಸಂಸಾರಕ್ಕೋಸ್ಕರ ಅಲ್ಲ. ಈ ಊರಲ್ಲಿ ಯಾರೂ ನನಗೆ ಅಂತ ಒಂದು ಹಾಸಿಗೆ ಹಾಸಿರಲಿಲ್ಲ. ನೀನು ಹಾಸಿದ್ದನ್ನು ತಪ್ಪು ಅಂತ ನನ್ನ ಬಾಯಲ್ಲಿ ಹೇಳಲಾಗಲಿಲ್ಲ."

ಡ್ರೈವರ್ ಎಂಜಿನ್ ಏರಿಸಿದ. ಅಕ್ಕ ಕಿವಿಗೆ ಕೈ ಹಿಡಿದು ಬಗ್ಗಿದಳು. "ಏನಂದವ್ವಾ?" ಎಂದಳು. ನಾನು ಇನ್ನೊಂದು ಸಲ ಹೇಳಲು ಹೋದೆ, ಹೇಳದೆಯೇ ಸರಳು ಬಿಟ್ಟೆ. ಬಸ್ಸು ಹೊರಟಿತು. ಅವಳು ಕೈಯನ್ನು ಕಿವಿಯಿಂದ ತೆಗೆಯದೆ ನನ್ನನ್ನೇ ನೋಡುತ್ತ ಹೋದಳು.